ಹೋಗುವಾಗ ಸಮ, ಬರುವಾಗ ಮಿಸ್ಸಿಂಗ್: ತದಡಿಯ ಟ್ರಾಲ್ ಬೋಟೊಂದರ ಎಂಜಿನ್ ಪ್ರಕರಣ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ದೋಣಿಗಳು ಮೀನುಗಾರಿಕೆಗೆ ಕಡಲಿಗಿಳಿಯುವಂತಿಲ್ಲ. ಬಲೆ ಹೊಲಿಯುವುದು, ಬಣ್ಣ ಬಳಿಯುವುದು, ಎಂಜಿನ್ ಬಿಚ್ಚಿ ಕಟ್ಟುವುದು ಎಲ್ಲವೂ ಆ ಎರಡು ತಿಂಗಳಲ್ಲೇ ಮುಗಿಯಬೇಕು. ಈ ಕಾರಣಕ್ಕೆ ಎಂಜಿನ್ ರಿಪೇರಿ ಮಾಡುವ ನನ್ನನ್ನು ಆಗಸ್ಟ್ ತಿಂಗಳಲ್ಲಿ ಕರೆಯುವ ಬೋಟಿನವರ ದೂರುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಮೇ ತಿಂಗಳಲ್ಲಿ ಚೆನ್ನಾಗಿಯೇ ಇದ್ದ ಎಂಜಿನ್ ರಿಪೇರಿಯಾದ ಮೇಲೆ ಕೆಟ್ಟಿತು ಎಂಬುದು. ಕೆಳಗಿನ ಪ್ರಕರಣವೂ ಅಂಥದ್ದೇ. ಇದನ್ನು ವಿವರವಾಗಿ ಬರೆಯಲು ಕಾರಣವಿದೆ. ಇಲ್ಲಿ ಎರಡು ದೋಷಗಳು ಒಂದರ ಮೇಲೊಂದು ಕುಳಿತಿದ್ದವು. ಅವುಗಳಲ್ಲಿ ಒಂದು ಯಾರು ಏನು ಮಾಡಿದರೂ ವಾಸಿಯಾದಂತೆ ತೋರಿ ಮತ್ತೆ ಮರಳುತ್ತಿತ್ತು.

ಬೋಟು ಅಘನಾಶಿನಿ ನದಿ ಕಡಲು ಸೇರುವಲ್ಲಿರುವ ತದಡಿ ಬಂದರಿನದು. ಎಂಜಿನ್ ಆರು ಸಿಲಿಂಡರಿನದು, ನೂರು ಅಶ್ವಶಕ್ತಿಯ ಆಸುಪಾಸಿನದು, ಸಾಲು ಮಾದರಿಯ ಹಳೆಯ ಮೆಕ್ಯಾನಿಕಲ್ ಇಂಧನ ಪಂಪ್ ಇರುವಂಥದ್ದು; ಕಂಪ್ಯೂಟರ್ ಹಚ್ಚಿ ನೋಡುವಂಥದ್ದೇನೂ ಅದರಲ್ಲಿರಲಿಲ್ಲ. ಜುಲೈ ತಿಂಗಳಲ್ಲಿ ಪಂಪ್ ಮತ್ತು ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಆರೂ ನೋಝಲ್‌ಗಳನ್ನು ಹೊರಗೆ ಒಯ್ದು ಪಂಪ್ ರೂಮಿನಲ್ಲಿ ಸರಿಪಡಿಸಿ ತಂದು ಕೂರಿಸಲಾಗಿತ್ತು. ಅದೇ ಹೊತ್ತಿಗೆ ಡೀಸೆಲ್ ಟ್ಯಾಂಕನ್ನೂ ಕೆಳಗಿಳಿಸಿ ತೊಳೆದಿದ್ದರು. ಆಗಸ್ಟ್ ಮೊದಲ ವಾರದ ಟ್ರಿಪ್ಪಿನಲ್ಲೇ ಎಂಜಿನ್ ಮಿಸ್ ಹೊಡೆಯಲು, ಅಂದರೆ ಸಿಲಿಂಡರಿನಲ್ಲಿ ಡೀಸೆಲ್ ಸರಿಯಾಗಿ ಉರಿಯದೆ ತಡವರಿಸಲು, ಆರಂಭಿಸಿತು: ಸ್ಲೋದಲ್ಲಿ (ಭಾರವಿಲ್ಲದೆ ನಿಧಾನವಾಗಿ ತಿರುಗುವಾಗ) ಇಡೀ ಬೋಟು ನಡುಗುವುದು, ಹೊಗೆ ಕೊಳವೆಯಿಂದ ಬಿಳಿ ಹೊಗೆ, ಒಮ್ಮೊಮ್ಮೆ ವೇಗ ತಾನಾಗಿ ಇಳಿದು ಏರುವುದು, ಬಲೆ ಎಳೆಯುವಾಗ ಶಕ್ತಿ ಸಾಲದಿರುವುದು. ನಾನು ಹೋಗುವ ಮೊದಲು ಇಬ್ಬರು ಮೆಕ್ಯಾನಿಕ್‌ಗಳು ನೋಡಿದ್ದರು. ಫಿಲ್ಟರುಗಳು ಎರಡು ಸಲ ಬದಲಾಗಿದ್ದವು, ವಾಲ್ವು ತೆರೆಯುವ ಟ್ಯಾಪೆಟ್ ಹೊಂದಿಸಿದ್ದರು, ನೋಝಲ್‌ಗಳನ್ನು ಮತ್ತೊಮ್ಮೆ ಬೆಂಚಿನ ಮೇಲೆ ಪರೀಕ್ಷಿಸಿ ತಂದಿದ್ದರು. ಪ್ರತಿ ಸಲವೂ ಬಂದರಿನಲ್ಲಿ ಎಂಜಿನ್ ಸುಮಾರಾಗಿ ನಡೆದಿತ್ತು, ಕಡಲಿಗೆ ಹೋದ ಮೇಲೆ ಹಳೆಯ ರೋಗ ಮರುಕಳಿಸಿತ್ತು.

ಬಲೆ ಎಳೆಯಲಾಗದಿದ್ದರೆ ಸಿಗಡಿಯ ಸಂಪಾದನೆ ಹೋಗುತ್ತದೆ, ಅದು ನಷ್ಟವೇ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಅಳಿವೆ. ಆಗಸ್ಟಿನಲ್ಲಿ ಕಡಲು ಇನ್ನೂ ತಣ್ಣಗಾಗಿರುವುದಿಲ್ಲ. ನದಿಯ ಬಾಯಲ್ಲಿ ಮರಳು ಸೇರಿದ ಕಡೆ ಅಲೆ ಮುರಿಯುತ್ತಿರುತ್ತದೆ. ಬೋಟು ಒಳಬರುವಾಗ ಹಿಂದಿನಿಂದ ತೆರೆ ಎತ್ತಿದ ಕ್ಷಣದಲ್ಲಿ ಎಂಜಿನ್ ಎಳೆಯದಿದ್ದರೆ ಬೋಟು ಅಡ್ಡ ತಿರುಗುತ್ತದೆ, ಆಮೇಲೆ ಚುಕ್ಕಾಣಿಯಿಂದ ಏನೂ ಆಗುವುದಿಲ್ಲ. ಈ ಎಂಜಿನ್ ಕೈಕೊಡುತ್ತಿದ್ದುದು ಬಹುಪಾಲು ಮರಳಿ ಬರುವ ದಾರಿಯಲ್ಲಿ.

ಮೊದಲ ಸಂಜೆ

ನಾನು ತದಡಿ ತಲುಪಿದಾಗ ಬೋಟು ಅಂದೇ ಟ್ರಿಪ್ ಮುಗಿಸಿ ಬಂದು ನಿಂತಿತ್ತು. ಇದು ಒಳ್ಳೆಯದಾಯಿತು ಎಂದು ಆಮೇಲೆ ತಿಳಿಯಿತು. ಎಂಜಿನ್ ಚಾಲೂ ಮಾಡಿಸಿ, ಮೊದಲು ಗೇರನ್ನು ನ್ಯೂಟ್ರಲ್‌ಗೆ ತರಿಸಿದೆ. ಮೇಲೆ ಎಳೆದಿಟ್ಟಿದ್ದ ಬೋಟು ನೀರಿಗಿಳಿದ ಮೇಲೆ ಅದರ ಒಡಲು ಸ್ವಲ್ಪ ಆಕಾರ ಬದಲಿಸುತ್ತದೆ. ಹೀಗಾಗಿ ದಡದ ಮೇಲಿದ್ದಾಗ ನೇರವಾಗಿದ್ದ ಶಾಫ್ಟ್ (ಎಂಜಿನ್ನಿನಿಂದ ಫ್ಯಾನಿಗೆ, ಅಂದರೆ ಪ್ರೊಪೆಲ್ಲರಿಗೆ, ಹೋಗುವ ದಂಡ) ನೀರಿನಲ್ಲಿ ನೇರವಾಗಿಯೇ ಇರುತ್ತದೆಂದು ಹೇಳಲಾಗದು, ಮಳೆಗಾಲ ಕಳೆದ ಬೋಟಿನ ನಡುಕಕ್ಕೆ ಇದು ಎಷ್ಟೋ ಸಲ ಕಾರಣವಾಗಿರುತ್ತದೆ. ಆದರೆ ಗೇರ್ ಬಿಡಿಸಿದ ಮೇಲೂ ನಡುಕ ಹಾಗೆಯೇ ಇತ್ತು. ಶಾಫ್ಟ್, ಕಪ್ಲಿಂಗ್, ಫ್ಯಾನ್ ಮೂರೂ ಒಂದೇ ನಿಮಿಷದಲ್ಲಿ ಲೆಕ್ಕದಿಂದ ಹೊರಗೆ ಹೋದವು.

ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟೆ. ನಾಲ್ಕು ಸ್ಟ್ರೋಕಿನ ಆರು ಸಿಲಿಂಡರ್ ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುವಾಗ ಸೆಕೆಂಡಿಗೆ 30 ಸಲ ಉರಿಯುತ್ತದೆ, ಪ್ರತಿ ಸಿಲಿಂಡರಿನ ಪಾಲಿಗೆ ಐದು. ಒಂದು ಸಿಲಿಂಡರ್ ಸತ್ತಿದ್ದರೆ ಸೆಕೆಂಡಿಗೆ ಐದು ಸಲ, ಒಂದೇ ತಾಳದಲ್ಲಿ, ಸದ್ದು ಕುಂಟುತ್ತದೆ. ಅಭ್ಯಾಸವಿದ್ದ ಕಿವಿಗೆ ಅದು ಗೊತ್ತಾಗುತ್ತದೆ. ಇಲ್ಲಿ ಆ ಕುಂಟು ಇತ್ತು. ಆದರೆ ಅದರ ಮೇಲೆ ತಾಳವಿಲ್ಲದ ಇನ್ನೊಂದು ತಡವರಿಕೆಯೂ ಇತ್ತು, ಕೆಲವು ಸೆಕೆಂಡಿಗೊಮ್ಮೆ ಬಂದು ಹೋಗುವಂಥದ್ದು. ಈ ಎರಡನ್ನೂ ಒಂದೇ ರೋಗವೆಂದು ಹಿಡಿದಿದ್ದರಿಂದಲೇ ಹಿಂದಿನ ಪ್ರಯತ್ನಗಳು ದಾರಿ ತಪ್ಪಿದವೆಂದು ನನಗನಿಸುತ್ತದೆ.

ಹೊಗೆಯ ಬಣ್ಣವೂ ಒಂದು ಸುಳಿವು. ಕಪ್ಪು ಹೊಗೆಯಾದರೆ ಗಾಳಿಗಿಂತ ಡೀಸೆಲ್ ಹೆಚ್ಚಾಗಿದೆ, ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಬಿಳಿಯಾದರೆ ಒಂದೋ ನೀರಿನ ಆವಿ, ಇಲ್ಲವೇ ಉರಿಯದೆ ಹೊರಬಿದ್ದ ಡೀಸೆಲ್. ಆವಿ ಗಾಳಿಯಲ್ಲಿ ಬೇಗ ಕರಗುತ್ತದೆ, ಕಣ್ಣಿಗೆ ಏನೂ ಮಾಡುವುದಿಲ್ಲ. ಈ ಹೊಗೆ ನೀರಿನ ಮೇಲೆ ತೇಲುತ್ತ ಉಳಿಯಿತು, ಕಣ್ಣು ಉರಿಯಿತು. ಕೊಳವೆಯ ಬಾಯಿಗೆ ಒಂದು ಬಿಳಿಯ ರಟ್ಟು ಹಿಡಿದಾಗ ಅದರ ಮೇಲೆ ಎಣ್ಣೆಯ ಸಣ್ಣ ಹನಿಗಳು ಕೂತವು. ಆಯಿಲ್ ಕಡ್ಡಿ ತೆಗೆದು ನೋಡಿದರೆ ಮಟ್ಟ ಮೇಲಿನ ಗೆರೆಗಿಂತ ಒಂದು ಬೆರಳಿನಷ್ಟು ಏರಿತ್ತು, ಮೂಸಿದರೆ ಡೀಸೆಲ್ ವಾಸನೆ. ಉರಿಯದ ಡೀಸೆಲ್ ಸಿಲಿಂಡರಿನ ಒಳಗೋಡೆಯಾದ ಲೈನರನ್ನು ತೊಳೆದುಕೊಂಡು ಕೆಳಗೆ ಆಯಿಲ್ ನಿಲ್ಲುವ ಸಂಪ್ ಒಳಗೆ ಇಳಿಯುತ್ತಿತ್ತು. ಇದನ್ನು ಹೀಗೆಯೇ ಓಡಿಸಿದ್ದರೆ ತೆಳುವಾದ ಆಯಿಲ್‌ನಿಂದ ಬೇರಿಂಗ್‌ಗಳು ಹೋಗುತ್ತಿದ್ದವು. ಮರುದಿನ ಆಯಿಲ್ ತರಿಸಬೇಕೆಂದು ಮಾಲೀಕರಿಗೆ ಆಗಲೇ ಹೇಳಿದೆ.

ಆಮೇಲೆ ಒಂದೊಂದೇ ಸಿಲಿಂಡರನ್ನು ಕತ್ತರಿಸಿ ನೋಡುವ ಪರೀಕ್ಷೆ. ನೋಝಲಿಗೆ ಹೋಗುವ ಹೈಪ್ರೆಶರ್ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿದರೆ ಆ ಸಿಲಿಂಡರಿಗೆ ಡೀಸೆಲ್ ಸಿಗುವುದಿಲ್ಲ. ಚೆನ್ನಾಗಿ ಕೆಲಸ ಮಾಡುತ್ತಿದ್ದ ಸಿಲಿಂಡರಾದರೆ ಎಂಜಿನ್ ತಟ್ಟನೆ ಕುಸಿಯುತ್ತದೆ. ಮೊದಲೇ ಸತ್ತಿದ್ದರೆ ಸದ್ದಿನಲ್ಲಿ ವ್ಯತ್ಯಾಸವೇ ಆಗುವುದಿಲ್ಲ. ಈ ಕೆಲಸ ಮಾಡುವವರು ನಟ್ಟಿನ ಸುತ್ತ ದಪ್ಪ ಬಟ್ಟೆ ಸುತ್ತಬೇಕು, ಕೈಯನ್ನು ಎಂದಿಗೂ ಚಿಮ್ಮುವ ಕಡೆಗೆ ಒಡ್ಡಬಾರದು. ನೋಝಲ್ ತೆರೆದುಕೊಳ್ಳುವುದೇ 200 ಬಾರ್ ಆಸುಪಾಸಿನ ಒತ್ತಡಕ್ಕೆ. ಅಷ್ಟು ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ, ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಒಳಗೆ ಮಾಂಸ ಕೊಳೆಯುತ್ತದೆ. ಹಾಗಾದರೆ ಗಂಟೆಗಳನ್ನು ಕಳೆಯದೆ ಆಸ್ಪತ್ರೆಗೆ ಹೋಗಬೇಕು, ನೋವಿಲ್ಲವೆಂದು ಮನೆಯಲ್ಲಿ ಕೂರಬಾರದು.

ಪರೀಕ್ಷೆಯಲ್ಲಿ 5 ಮತ್ತು 3ನೇ ಸಿಲಿಂಡರುಗಳು ಸತ್ತಂತೆ ಕಂಡವು. ಅಲ್ಲಿಗೇ ನಿಲ್ಲಿಸಿದ್ದರೆ ನಾನೂ ಆ ಎರಡು ನೋಝಲ್‌ಗಳನ್ನು ಬಿಚ್ಚುತ್ತಿದ್ದೆ. ಚಹಾ ಕುಡಿದು ಬಂದು ಅರ್ಧ ಗಂಟೆಯ ನಂತರ ಮತ್ತೆ ಮಾಡಿದಾಗ 3 ಚೆನ್ನಾಗಿತ್ತು, 6 ಸತ್ತಿತ್ತು. ಮೂರನೆಯ ಸಲ 1. ಆದರೆ 5 ಮಾತ್ರ ಮೂರೂ ಸಲ ಸತ್ತೇ ಇತ್ತು. ಒಂದು ಸಿಲಿಂಡರಿಗೆ ಅಂಟಿಕೊಂಡು ಕೂತ ದೋಷ ಆ ಸಿಲಿಂಡರಿನದೇ. ಸಿಲಿಂಡರಿನಿಂದ ಸಿಲಿಂಡರಿಗೆ ಅಲೆಯುವ ದೋಷ ಆರಕ್ಕೂ ಸಮಾನವಾದ ಯಾವುದೋ ಜಾಗದಲ್ಲಿರಬೇಕು, ಅಂದರೆ ಪಂಪಿಗಿಂತ ಹಿಂದೆ, ಡೀಸೆಲ್ ಬರುವ ದಾರಿಯಲ್ಲಿ.

ಇದನ್ನು ಖಚಿತಪಡಿಸಿಕೊಳ್ಳಲು ಟ್ಯಾಂಕಿನ ಪೈಪನ್ನು, ಡೀಸೆಲ್ ಹೀರಿ ಇಂಧನ ಪಂಪಿಗೆ ಕೊಡುವ ಫೀಡ್ ಪಂಪಿನಿಂದ ಬಿಡಿಸಿ, ಒಂದು ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ, ಹೊಸ ಮೋಟು ಹೋಸಿನಿಂದ ನೇರವಾಗಿ ಪಂಪಿಗೆ ಕೊಟ್ಟೆ. ಪೈಪಿನೊಳಗೆ ಸೇರಿದ ಗಾಳಿ ತೆಗೆದು ಚಾಲೂ ಮಾಡಿದ ಎರಡೇ ನಿಮಿಷದಲ್ಲಿ ತಾಳವಿಲ್ಲದ ತಡವರಿಕೆ ಪೂರ್ತಿ ನಿಂತಿತು. ಉಳಿದದ್ದು 5ನೆಯ ಸಿಲಿಂಡರಿನ ಕುಂಟು ಮಾತ್ರ. ಎರಡು ದೋಷಗಳು ಬೇರೆ ಬೇರೆಯೆಂದು ಈಗ ಸ್ಪಷ್ಟವಾಯಿತು.

ಐದನೆಯ ಸಿಲಿಂಡರ್

ಮರುದಿನ ಬೆಳಿಗ್ಗೆ ಕ್ಯಾನಿನ ಡೀಸೆಲಿನಲ್ಲೇ ಎಂಜಿನ್ ನಡೆಸುತ್ತ 5ನ್ನು ಕೈಗೆತ್ತಿಕೊಂಡೆ. ಟೆಂಪರೇಚರ್ ಗನ್ ಹಿಡಿದು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬಾಯಿಗಳನ್ನು ನೋಡಿದರೆ ಉಳಿದ ಐದು 130 ಡಿಗ್ರಿಯ ಆಚೀಚೆ, ಇದೊಂದು 90 ಕೂಡ ದಾಟಿರಲಿಲ್ಲ. 5ರ ನೋಝಲನ್ನು 2ಕ್ಕೂ 2ರದನ್ನು 5ಕ್ಕೂ ಅದಲು ಬದಲು ಮಾಡಿದೆ. ದೋಷ ನೋಝಲಿನ ಹಿಂದೆ ಹೋಗಲಿಲ್ಲ, 5ರಲ್ಲೇ ಉಳಿಯಿತು. ಹಾಗಾಗಿ ನೋಝಲ್ ನಿರ್ದೋಷಿ. ಪಂಪಿನ ಆರು ಪೈಪುಗಳ ತುದಿಯನ್ನು ಆರು ಒಂದೇ ಅಳತೆಯ ಬಾಟಲಿಗಳಿಗೆ ತಿರುಗಿಸಿ ಸ್ಟಾರ್ಟರ್ ಹೊಡೆದಾಗ ಎಲ್ಲದರಲ್ಲೂ ಡೀಸೆಲ್ ಸಮನಾಗಿ ಬಂತು. ಪಂಪೂ ನಿರ್ದೋಷಿ. ಕಂಪ್ರೆಶನ್ ಗೇಜ್ ಹಾಕಿದರೆ 26 ಬಾರ್. ಉಳಿದವು 26ರಿಂದ 28. ರಿಂಗು, ವಾಲ್ವುಗಳ ಬಗ್ಗೆ ಅನುಮಾನ ಪಡಲು ಕಾರಣವಿರಲಿಲ್ಲ.

ಗಾಳಿ ಸರಿಯಾಗಿ ಒತ್ತಿಕೊಳ್ಳುತ್ತಿದೆ, ಡೀಸೆಲ್ ಸರಿಯಾದ ಅಳತೆಯಲ್ಲಿ ಬರುತ್ತಿದೆ, ಅದನ್ನು ಚಿಮ್ಮಿಸುವ ನೋಝಲ್ ಸರಿಯಿದೆ, ಆದರೂ ಉರಿಯುತ್ತಿಲ್ಲ. ಇಂಥ ಹೊತ್ತಿನಲ್ಲಿ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಿಬಿಡೋಣ ಎಂಬ ಆತುರ ಬರುವುದು ಸಹಜ. ನನಗೂ ಬಂತು. ಆದರೆ ನೋಝಲುಗಳನ್ನು ಮರಳಿ ಕೂರಿಸಿ ಬಿಗಿ ಮಾಡಿದ ಮೇಲೆ, ಒಂದು ಸ್ಟೀಲ್ ಸ್ಕೇಲನ್ನು 4, 5, 6ರ ನೋಝಲುಗಳ ತಲೆಯ ಮೇಲೆ ಅಡ್ಡಲಾಗಿ ಇಟ್ಟು ನೋಡಿದೆ. ಸ್ಕೇಲು 4 ಮತ್ತು 6ರ ಮೇಲೆ ಸಮವಾಗಿ ಕೂರಲಿಲ್ಲ. ನಡುವಿನ 5ರ ಮೇಲೆ ಕೂತು, ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಏಳುತ್ತ ಮಕ್ಕಳ ಏತದ ಹಾಗೆ ಆಡಿತು. 1, 2, 3ರ ಮೇಲೆ ಅದೇ ಸ್ಕೇಲು ಅಲುಗದೆ ನಿಂತಿತು. ಐದನೆಯ ನೋಝಲ್ ಉಳಿದವುಗಳಿಗಿಂತ ಸುಮಾರು ಎರಡು ಮಿಲಿಮೀಟರ್ ಎತ್ತರದಲ್ಲಿತ್ತು.

ನೋಝಲ್ ಮತ್ತೆ ತೆಗೆದು ತೂತಿನೊಳಗೆ ಟಾರ್ಚ್ ಬಿಟ್ಟರೆ ತಳದಲ್ಲಿ ಕಂಡದ್ದು ಮಸಿ ಹಿಡಿದ ಒಂದು ವೃತ್ತ. ಸ್ಕ್ರೂಡ್ರೈವರಿನ ತುದಿಯಿಂದ ಕೆರೆದಾಗ ಅದರ ಅಂಚಿನಲ್ಲಿ ತಾಮ್ರದ ಕೆಂಪು ಹೊಳೆಯಿತು. ಹಳೆಯ ವಾಶರ್! ಜುಲೈಯಲ್ಲಿ ನೋಝಲ್ ಕಿತ್ತಾಗ ತಳದ ತಾಮ್ರದ ವಾಶರ್ ಮಸಿಗೆ ಅಂಟಿ ಒಳಗೇ ಉಳಿದಿದೆ. ಕೂರಿಸಿದವರು ಹೊಸ ವಾಶರ್ ಹಾಕಿ ಅದರ ಮೇಲೆಯೇ ಬಿಗಿದಿದ್ದಾರೆ. ಎರಡು ವಾಶರಿನ ದಪ್ಪಕ್ಕೆ ನೋಝಲಿನ ಮೂತಿ ಮೇಲಕ್ಕೆ ಸರಿದು, ಪಿಸ್ಟನ್ನಿನ ಗುಳಿಯೊಳಗೆ ಬೀಳಬೇಕಾದ ಸಿಂಚನ ಅದರ ಅಂಚಿಗೂ ಹೆಡ್ಡಿನ ಲೋಹಕ್ಕೂ ತಾಗುತ್ತಿತ್ತು. ಬಿಸಿ ಗಾಳಿಯಲ್ಲಿ ಮಂಜಾಗಿ ಹರಡಬೇಕಾದ ಡೀಸೆಲ್ ಸ್ಲೋದಲ್ಲಿ ತಣ್ಣಗಿರುವ ಲೋಹವನ್ನು ಒದ್ದೆ ಮಾಡಿದರೆ ಉರಿಯುವುದಾದರೂ ಹೇಗೆ? ನೋಝಲನ್ನು ಎಷ್ಟು ಸಲ ಬೆಂಚಿಗೆ ಒಯ್ದರೂ ಈ ದೋಷ ಸಿಗುತ್ತಿರಲಿಲ್ಲ, ಏಕೆಂದರೆ ಅದು ನೋಝಲಿನಲ್ಲಿ ಇರಲೇ ಇಲ್ಲ. ಎರಡನೆಯ ಸಲ ನೋಝಲ್ ಬಿಚ್ಚಿದವರೂ ಮೇಲಿನ ವಾಶರ್ ಒಂದನ್ನೇ ಕಂಡು ತೆಗೆದು ಹೊಸದು ಹಾಕಿದ್ದರು.

ವಾಶರ್ ತೆಗೆಯಲು ಅರ್ಧ ದಿನ ಹಿಡಿಯಿತು. ಮಸಿಯ ಚೂರು ಸಿಲಿಂಡರಿಗೆ ಬೀಳದಿರಲೆಂದು ಥ್ರೆಡ್ ಕೊರೆಯುವ ಟ್ಯಾಪ್ ಉಪಕರಣದ ಹಲ್ಲುಗಳಿಗೆ ಗ್ರೀಸ್ ಮೆತ್ತಿ, ವಾಶರಿನ ತೂತಿಗೆ ಕೈಯಿಂದಲೇ ಎರಡು ಸುತ್ತು ಹತ್ತಿಸಿ, ಅಲುಗಿಸುತ್ತ ಎಳೆದೆ. ಅದು ಹೊರಬಂದ ಮೇಲೆ ಕೂರುವ ಜಾಗವನ್ನು ಒರೆಸಿ, ನೋಝಲ್ ಇಲ್ಲದೆಯೇ ಸ್ಟಾರ್ಟರ್ ಹೊಡೆದು ಉಳಿದ ಚೂರುಗಳನ್ನು ಹೊರಗೆ ಹಾರಿಸಿ, ಒಂದೇ ಹೊಸ ವಾಶರ್ ಹಾಕಿ ಬಿಗಿದೆ. ಸ್ಕೇಲು ಈಗ ಆಡಲಿಲ್ಲ. ಎಂಜಿನ್ ಚಾಲೂ ಆದಾಗ ಕುಂಟು ಹೋಗಿತ್ತು, ಬಿಳಿ ಹೊಗೆ ಐದು ನಿಮಿಷದಲ್ಲಿ ತಿಳಿಯಾಯಿತು.

ಗಾಳಿ ಬರುವ ದಾರಿ

ಇನ್ನು ಅಲೆಯುವ ದೋಷ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ದಾರಿಯಲ್ಲಿ ಡೀಸೆಲನ್ನು ಹೀರಲಾಗುತ್ತದೆ. ಅಲ್ಲಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಆದ್ದರಿಂದ ಆ ದಾರಿಯಲ್ಲಿ ತೂತು ಬಿದ್ದರೆ ಎಂಜಿನ್ ನಡೆಯುವಾಗ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಸೇರುತ್ತದೆ. ಒಂದು ಹನಿಯೂ ಕಾಣದಿರುವುದರಿಂದ ನೋಡುವವರಿಗೆ ಎಲ್ಲವೂ ಸರಿಯಿದ್ದಂತೆ ತೋರುತ್ತದೆ. ಇಂಧನ ಪಂಪಿನಲ್ಲಿ ಪ್ರತಿ ಸಿಲಿಂಡರಿಗೆ ಒಂದರಂತಿರುವ ಒತ್ತುಕಡ್ಡಿ, ಅಂದರೆ ಪ್ಲಂಜರ್, ಡೀಸೆಲನ್ನು ಒತ್ತಿದಾಗ ಒತ್ತಡ ಕ್ಷಣದಲ್ಲಿ ನೋಝಲ್ ತೆರೆಯುವಷ್ಟು ಏರುತ್ತದೆ. ಅದೇ ಜಾಗದಲ್ಲಿ ಗಾಳಿಯ ಗುಳ್ಳೆಯಿದ್ದರೆ ಗುಳ್ಳೆ ಸ್ಪಂಜಿನ ಹಾಗೆ ಕುಗ್ಗುತ್ತದೆ, ನೋಝಲ್ ತೆರೆಯುವುದೇ ಇಲ್ಲ. ಗುಳ್ಳೆ ಯಾವ ಪ್ಲಂಜರಿಗೆ ಹೋಯಿತೋ ಆ ಸಿಲಿಂಡರ್ ಅಷ್ಟು ಹೊತ್ತು ಸತ್ತಿರುತ್ತದೆ.

ಪೈಪುಗಳನ್ನು ಕೂಡಿಸುವ ಪ್ರತಿಯೊಂದು ಬ್ಯಾಂಜೊ ಬೋಲ್ಟಿನ ವಾಶರ್, ನೀರು ಬೇರ್ಪಡಿಸುವ ಬೌಲಿನ ರಬ್ಬರ್ ರಿಂಗ್, ಕೈಯಿಂದ ಡೀಸೆಲ್ ಒತ್ತುವ ಹ್ಯಾಂಡ್ ಪ್ರೈಮರ್, ಹೋಸುಗಳ ಕ್ಲಿಪ್ಪು ಎಲ್ಲವನ್ನೂ ಹೊಸದು ಮಾಡಿದೆ, ಆಯಿಲೂ ಬದಲಾಯಿತು. ಅಷ್ಟರಲ್ಲಿ ಮಾಲೀಕರು ಮುಂದಿನ ಟ್ರಿಪ್ಪಿಗೆಂದು ಟ್ಯಾಂಕಿಗೆ ಡೀಸೆಲ್ ತುಂಬಿಸಿದ್ದರು. ಪೈಪ್ ಮರಳಿ ಕೂಡಿಸಿ ಚಾಲೂ ಮಾಡಿದರೆ ಎಂಜಿನ್ ಒಂದು ಗಂಟೆ ಒಂದೇ ಸದ್ದಿನಲ್ಲಿ ನಡೆಯಿತು. ಕೆಲಸ ಮುಗಿಯಿತೆಂದು ನಾನು ಸಾಮಾನು ಕಟ್ಟತೊಡಗಿದ್ದೆ. ಆಗ ಬೋಟು ನಡೆಸುವ ತಾಂಡೇಲರು ಬಳಿ ಬಂದು ಮೆಲ್ಲಗೆ ಹೇಳಿದರು: “ಮೇಸ್ತ್ರಿ, ಹೋಗ್ವಾಗ ಯಾವಾಗ್ಲೂ ಸಮಾನೇ ಇರ್ತದೆ. ಬರ್ವಾಗ ನೋಡ್ಬೇಕು.”

ಸಾಮಾನು ಕೆಳಗಿಟ್ಟು ಅವರೊಡನೆ ಕೂತೆ. ಹೋಗುವಾಗ ಮತ್ತು ಬರುವಾಗ ಎಂಜಿನ್ನಿಗೆ ವ್ಯತ್ಯಾಸವೇನು? ಬಿಸಿಯೇ ಎಂದು ಕೇಳಿದೆ. ಬಲೆ ಎಳೆಯುವಾಗಲೂ ಎಂಜಿನ್ ಅಷ್ಟೇ ಬಿಸಿಯಿರುತ್ತದೆ ಎಂದರು. ಅಲೆಯ ಹೊಯ್ದಾಟವೇ ಎಂದು ಕೇಳಿದೆ; ಅದು ಎರಡು ಕಡೆಯೂ ಇದ್ದದ್ದೇ ಎಂದರು. ಟ್ಯಾಂಕಿಗೆ ಇಳಿಸಿ ನೋಡುವ ಬಿದಿರಿನ ಕೋಲನ್ನು ತರಿಸಿ, ಹಿಂದಿನ ಟ್ರಿಪ್ಪುಗಳಲ್ಲಿ ಮಿಸ್ಸಿಂಗ್ ಶುರುವಾದಾಗ ಡೀಸೆಲ್ ಎಲ್ಲಿಯವರೆಗೆ ಇತ್ತು ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ ಅರ್ಧಕ್ಕಿಂತ ಕೆಳಗೆ ಬೆರಳಿಟ್ಟು ತೋರಿಸಿದರು. ಮೂರು ಟ್ರಿಪ್ಪಿಗೂ ಬೆರಳು ಹೆಚ್ಚುಕಡಿಮೆ ಅಲ್ಲೇ ಇತ್ತು.

ಫೀಡ್ ಪಂಪಿನ ಮುಂದೆ ಒಂದು ಮೊಳ ಪಾರದರ್ಶಕ ಹೋಸ್ ಜೋಡಿಸಿದೆ. ಡೀಸೆಲನ್ನು ಟ್ಯಾಂಕಿನಿಂದ ಡ್ರಮ್ಮುಗಳಿಗೆ ಇಳಿಸುತ್ತ ಎಂಜಿನ್ ನಡೆಸಿದೆವು. ಹೋಸಿನಲ್ಲಿ ಡೀಸೆಲ್ ಗಾಜಿನಂತೆ ತಿಳಿಯಾಗಿ ಹರಿಯುತ್ತಿತ್ತು. ಬಿದಿರಿನ ಕೋಲಿನ ಗುರುತು ತಾಂಡೇಲರ ಬೆರಳಿನ ಜಾಗಕ್ಕೆ ಇಳಿಯುತ್ತಿದ್ದಂತೆ ಮೊದಲು ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದೆರಡು, ಆಮೇಲೆ ಸಾಲು ಸಾಲು. ನಿಮಿಷ ಕಳೆಯುವುದರೊಳಗೆ ಎಂಜಿನ್ ತಡವರಿಸಿತು.

ತೂತು ಹೊರಗಿನ ಪೈಪಿನಲ್ಲಿ ಇರಲಿಲ್ಲ, ಟ್ಯಾಂಕಿನೊಳಗೆ ಇಳಿಬಿಟ್ಟ ಹೀರುಕೊಳವೆಯಲ್ಲಿತ್ತು. ಟ್ಯಾಂಕ್ ತೊಳೆದಾಗ ಆ ಕೊಳವೆಯನ್ನು ನಡುವೆ ಬೆಸೆದು ಮತ್ತೆ ಹಾಕಿದ್ದರಂತೆ. ಅದನ್ನು ಹೊರಗೆಳೆದು, ಒಂದು ತುದಿಗೆ ಬೆಂಡು ಬಡಿದು, ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಇನ್ನೊಂದು ತುದಿಯಿಂದ ಊದಿದಾಗ ಬೆಸುಗೆಯ ಕೆಳಂಚಿನಿಂದ ಮಣಿಸರದ ಹಾಗೆ ಗುಳ್ಳೆಗಳು ಎದ್ದವು. ಬಿರುಕು ಎಷ್ಟು ಸಣ್ಣದೆಂದರೆ ಒಣಗಿಸಿ ಕಣ್ಣಿಗೆ ಹತ್ತಿರ ಹಿಡಿದರೂ ಕಾಣಲಿಲ್ಲ, ಉಗುರಿಗೆ ಮಾತ್ರ ತಡೆಯಿತು. ಡೀಸೆಲ್ ಅದರ ಮೇಲಿದ್ದಷ್ಟು ಹೊತ್ತು ಬಿರುಕಿನಿಂದ ಒಳಹೋಗುತ್ತಿದ್ದುದೂ ಡೀಸೆಲೇ, ಹಾನಿಯಿಲ್ಲ. ಮಟ್ಟ ಅದಕ್ಕಿಂತ ಕೆಳಗಿಳಿದಾಗ ಒಳಹೋಗುತ್ತಿದ್ದುದು ಗಾಳಿ. ಬಂದರಿಗೆ ಬಂದು ರಿಪೇರಿ ಮಾಡಿಸಿದಾಗಲೆಲ್ಲ ಮುಂದಿನ ಟ್ರಿಪ್ಪಿಗೆ ಡೀಸೆಲ್ ತುಂಬುತ್ತಿದ್ದರು, ಬಿರುಕು ಮುಳುಗುತ್ತಿತ್ತು, ಆ ದಿನ ಯಾರು ಯಾವ ಭಾಗ ಬದಲಿಸಿದ್ದರೋ ಅದಕ್ಕೆ ಯಶಸ್ಸು ಸಲ್ಲುತ್ತಿತ್ತು. ಫಿಲ್ಟರ್ ಬದಲಿಸಿದವರೂ ಟ್ಯಾಪೆಟ್ ಹೊಂದಿಸಿದವರೂ ತಮ್ಮ ಕೆಲಸ ಫಲಿಸಿತೆಂದು ಪ್ರಾಮಾಣಿಕವಾಗಿಯೇ ನಂಬಿದ್ದರು. ತಾಂಡೇಲರು ಬಾಯಿ ಬಿಡದಿದ್ದರೆ ಬ್ಯಾಂಜೊ ವಾಶರ್ ಬದಲಿಸಿದ ನಾನೂ ಅವರ ಸಾಲಿಗೆ ಸೇರುತ್ತಿದ್ದೆ.

ಬೆಸುಗೆಯಿಲ್ಲದ ಅಖಂಡ ಕೊಳವೆಯೊಂದನ್ನು ಕುಮಟಾದಿಂದ ತರಿಸಿ, ಅದರ ಬಾಯಿ ಟ್ಯಾಂಕಿನ ತಳದಿಂದ ಎರಡು ಅಂಗುಲ ಮೇಲಿರುವಂತೆ ಕತ್ತರಿಸಿ ಕೂರಿಸಿದೆ. ತಳಕ್ಕೆ ತಾಗಿಸಿದರೆ ಮಳೆಗಾಲದ ತೇವದಿಂದ ಟ್ಯಾಂಕಿನಲ್ಲಿ ಕೂಡುವ ನೀರು ಮತ್ತು ಕೆಸರನ್ನೇ ಅದು ಮೊದಲು ಹೀರುತ್ತದೆ. ಟ್ಯಾಂಕಿನ ತಳದ ಡ್ರೈನ್ ಬಿಚ್ಚಿ ಗಾಜಿನ ಬಾಟಲಿಗೆ ಹಿಡಿದಾಗ ಕೆಳಗೆ ಎರಡು ಬೆರಳಿನಷ್ಟು ನೀರು ನಿಂತಿತು. ಅದೂ ಹೊರಗೆ ಹೋಯಿತು.

ತುಂಬಿದ ಟ್ಯಾಂಕಿನಲ್ಲಿ ಪರೀಕ್ಷಿಸಿ ಬೋಟನ್ನು ಕಳುಹಿಸಲು ಈ ಸಲ ನಾನು ಒಪ್ಪಲಿಲ್ಲ. ಡ್ರಮ್ಮಿನ ಡೀಸೆಲನ್ನು ಹೊರಗೇ ಇರಿಸಿ, ಟ್ಯಾಂಕಿನಲ್ಲಿ ಕಾಲು ಭಾಗ ಮಾತ್ರ ಉಳಿಸಿಕೊಂಡು, ಅಳಿವೆ ದಾಟದೆ ನದಿಯೊಳಗೇ ಎರಡು ಗಂಟೆ ಓಡಿಸಿದೆವು: ಅರ್ಧ ಗಂಟೆ ಸ್ಲೋದಲ್ಲಿ, ಒಂದು ಗಂಟೆ ಬಲೆ ಎಳೆಯುವ ವೇಗದಲ್ಲಿ, ಉಳಿದದ್ದು ಏರಿಸಿ ಇಳಿಸುತ್ತ. ತಾಂಡೇಲರು ಮೇಲೆ ಚುಕ್ಕಾಣಿ ಹಿಡಿದಿದ್ದರು, ನಾನು ಕೆಳಗೆ ಪಾರದರ್ಶಕ ಹೋಸಿಗೆ ಟಾರ್ಚ್ ಹಿಡಿದು ಕೂತಿದ್ದೆ. ಒಂದು ಗುಳ್ಳೆಯೂ ಬರಲಿಲ್ಲ. ಮ್ಯಾನಿಫೋಲ್ಡಿನ ಆರೂ ಬಾಯಿಗಳ ಉಷ್ಣತೆ ಹತ್ತು ಡಿಗ್ರಿಯ ಅಂತರದೊಳಗೆ ಬಂದಿತ್ತು. ಮರಳಿ ಕಟ್ಟುವ ಮುನ್ನ ಪಾರದರ್ಶಕ ಹೋಸನ್ನು ತೆಗೆದು ಮೊದಲಿನ ಡೀಸೆಲ್ ಹೋಸನ್ನೇ ಹಾಕಿದೆ. ಎಂಜಿನ್ ರೂಮಿನ ಬಿಸಿಗೆ ಆ ಪ್ಲಾಸ್ಟಿಕ್ ಬಾಳುವುದಿಲ್ಲ.

ನೂಲ ಹುಣ್ಣಿಮೆಯ ಪೂಜೆಗೆ ಬೋಟುಗಳು ದಡದಲ್ಲಿದ್ದಾಗ ಇನ್ನೊಮ್ಮೆ ಹೋಗಿ ನೋಡಿದೆ. ಅಷ್ಟರಲ್ಲಿ ಮೂರು ಟ್ರಿಪ್ ಆಗಿದ್ದವು. ಆಯಿಲ್ ಕಡ್ಡಿಯ ಮಟ್ಟ ಗೆರೆಯಲ್ಲೇ ಇತ್ತು, ಡೀಸೆಲ್ ವಾಸನೆಯಿರಲಿಲ್ಲ. ತೆಗೆದ ಹಳೆಯ ವಾಶರನ್ನೂ ಬಿರುಕುಬಿಟ್ಟ ಕೊಳವೆಯನ್ನೂ ಮಾಲೀಕರು ಎಂಜಿನ್ ರೂಮಿನ ಗೋಡೆಗೆ ತಂತಿಯಿಂದ ಕಟ್ಟಿದ್ದರು. ಮುಂದಿನ ಜುಲೈಯಲ್ಲಿ ನೋಝಲ್ ಬಿಚ್ಚುವವರು ಯಾರೇ ಆಗಲಿ, ಆರು ನೋಝಲಿಗೆ ಆರು ವಾಶರ್ ಹೊರಬಂತೇ ಎಂದು ಎಣಿಸಿ ತೋರಿಸಲು ತಾಂಡೇಲರು ಕೇಳುವುದಾಗಿ ಹೇಳಿದರು.